ಓಲಗದ ಪಕ್ಕದ ಶ್ರುತಿ

“ಇಂಟ್ರೆಸ್ಟ್ ಅನ್ನೋ ಪದದ ಜೊತೆ ‘ಇನ್’ ಯಾಕೆ ಬರಬೇಕು ಸಾರ್? ‘ಆನ್’ ಬಂದ್ರೆ ಯಾರ ಗಂಟು ಹೋಗುತ್ತೆ?”

ತಿಪ್ಪೇಶ ಚಪ್ಪಲಿ ಬಿಡುತ್ತಲೇ ಕೇಳಿದ. ಓಬಳಯ್ಯ ಮೇಷ್ಟ್ರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಹೈಸ್ಕೂಲಿನಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿದವರು ಅವರೇ. ಅವರ ಪಾಠ ಕೇಳಿಯೇ ಅವನು ತಾನೂ ಇಂಗ್ಲಿಷ್ ಮೇಷ್ಟ್ರಾಗಬೇಕೆಂದು ಹಟ ಹಿಡಿದದ್ದು, ಆದದ್ದು. ಈಗ ಅವರು ನಿವೃತ್ತರು. ಅವನಿಗೆ ಒಂದು ಶಾಲೆ ಸಿಕ್ಕಿ ಎರಡು ವರ್ಷವಾಗಿತ್ತು.

“ಮೊದಲು ಕೂತ್ಕೋ. ಪ್ರಶ್ನೆ ಎಲ್ಲೂ ಓಡಿಹೋಗಲ್ಲ. ಏನಾಯ್ತು ಅದನ್ನ ಹೇಳು.”

ತಿಪ್ಪೇಶ ಕೂತು ಹೇಳಿದ. ಏಳನೇ ತರಗತಿಯ ಬೋರ್ಡಿನ ಮೇಲೆ ಅವನು ಒಂದು ವಾಕ್ಯ ಬರೆದಿದ್ದ: ‘ಚಿಲ್ಡ್ರನ್ ಹ್ಯಾವ್ ಇಂಟ್ರೆಸ್ಟ್ ಆನ್ ಗೇಮ್ಸ್.’ ಒಬ್ಬ ಹುಡುಗಿ ಎದ್ದು ನಿಂತು, ತಾನು ಓದಿದ ಕತೆ ಪುಸ್ತಕದಲ್ಲಿ ‘ಇನ್’ ಅಂತ ಇತ್ತು ಎಂದಳು. ಯಾಕೆ ಎಂದು ಇವನು ಕೇಳಿದ. “ಗೊತ್ತಿಲ್ಲ ಸಾರ್, ಓದುವಾಗ ಹಂಗೇ ಬರುತ್ತೆ” ಎಂದಳು. ಕಾರಣ ಗೊತ್ತಿಲ್ಲದೆ ಎದ್ದು ನಿಲ್ಲಬಾರದು ಎಂದು ಹೇಳಿ ಅವಳನ್ನು ಕೂರಿಸಿದ. ಅಷ್ಟರಲ್ಲಿ ತನಿಖೆಗೆ ಬಂದ ಅಧಿಕಾರಿ ಬಾಗಿಲಲ್ಲಿ ನಿಂತು ಬೋರ್ಡು ಓದಿ ನಕ್ಕುಬಿಟ್ಟರು. ದೊಡ್ಡವರು ನಕ್ಕರೆಂದು ಮಕ್ಕಳೂ ನಕ್ಕರು. ಸಂಜೆ ಹೆಡ್‌ಮೇಡಂ ಕರೆದು, ಈ ತಿಂಗಳು ನೋಡುತ್ತೇನೆ, ಸುಧಾರಿಸದಿದ್ದರೆ ಇಂಗ್ಲಿಷನ್ನು ಬೇರೆಯವರಿಗೆ ಕೊಟ್ಟು ನಿಮಗೆ ಆಟದ ಪೀರಿಯಡ್ ಕೊಡುತ್ತೇನೆ ಎಂದರು. ತಿಪ್ಪೇಶನಿಗೆ ಆ ತರಗತಿಯೆಂದರೆ ಜೀವ.

“ನಾನು ಸುಮ್ನೆ ಬರೆದದ್ದಲ್ಲ ಸಾರ್, ಯೋಚನೆ ಮಾಡಿ ಬರೆದೆ. ಆಟದ ಮೇಲೆ ಆಸಕ್ತಿ, ದೇವರ ಮೇಲೆ ನಂಬಿಕೆ, ಅಪ್ಪನ ಮೇಲೆ ಗೌರವ. ನಮ್ಮಲ್ಲಿ ಎಲ್ಲಾ ‘ಮೇಲೆ’. ಮೇಲೆ ಅಂದ್ರೆ ‘ಆನ್’ ತಾನೆ? ಅವರಲ್ಲಿ ನೋಡಿದ್ರೆ ಇಂಟ್ರೆಸ್ಟ್ ಇನ್, ಬಿಲೀಫ್ ಇನ್, ರೆಸ್ಪೆಕ್ಟ್ ಫಾರ್. ಒಂದೊಂದಕ್ಕೆ ಒಂದೊಂದು ಬಾಲ. ನಾಮಪದಗಳು ನನಗೆ ರಾಶಿ ಗೊತ್ತು. ಡಿಕ್ಷನರಿ ಹಿಡಿದು ದಿನಾ ಬಾಯಿಪಾಠ ಮಾಡ್ತೀನಿ. ಈ ಇನ್ನು, ಆನು, ಫಾರು ಎಲ್ಲಾ ಚಿಲ್ಲರೆ ಪದಗಳು, ಅವನ್ನ ಹೇಗೋ ಜೋಡಿಸ್ಕೋಬಹುದು ಅಂದ್ಕೊಂಡಿದ್ದೆ. ಒಂದು ರೂಲ್ ಹೇಳಿ ಸಾರ್. ಒಂದೇ ಒಂದು ರೂಲ್.”

“ಚಿಲ್ಲರೆ ಪದಗಳು” ಎಂದರು ಮೇಷ್ಟ್ರು. ಒಂದು ಹಿಡಿ ಶೇಂಗಾ ಅವನ ಮುಂದೆ ಸುರಿದು, “ಸುಲಿ. ಸುಲೀತಾ ಕೇಳು” ಎಂದು ಕತೆ ಶುರುಮಾಡಿದರು.

ಒಬ್ಬ ಓಲಗದವನಿದ್ದ. ಚೆನ್ನಾಗಿ ಊದುತ್ತಿದ್ದ. ಅವನ ಪಕ್ಕದಲ್ಲಿ ಒಬ್ಬ ಮುದುಕ ಕೂತು ಶ್ರುತಿ ಊದುತ್ತಿದ್ದ. ಶ್ರುತಿಯ ಕೊಳವೆಯ ಮೇಲೆ ಬೆರಳಾಡಿಸುವುದಕ್ಕೆ ಏನೂ ಇಲ್ಲ. ಅದಕ್ಕೆ ಇರುವುದು ಒಂದೇ ಸ್ವರ. ಓಲಗದವನು ಏರಲಿ, ಇಳಿಯಲಿ, ಕುಣಿಯಲಿ, ಮುದುಕ ಮಾತ್ರ ಕಣ್ಣು ಮುಚ್ಚಿ ಆ ಒಂದು ಸ್ವರವನ್ನು ಎಳೆಯುತ್ತ ಕೂರಬೇಕು. ಜನ ಓಲಗದವನನ್ನು ಹೊಗಳುತ್ತಿದ್ದರು. ಮುದುಕ ನಿದ್ದೆ ಮಾಡುತ್ತಿದ್ದಾನೆ ಎಂದೇ ಎಷ್ಟೋ ಜನ ತಿಳಿದಿದ್ದರು.

ಒಬ್ಬ ವರ್ತಕನ ಮನೆಯಲ್ಲಿ ಮದುವೆ ಬಂತು. ವರ್ತಕ ಓಲಗದವನನ್ನು ಕರೆಸಿದ. ಈ ಮದುವೆಯಲ್ಲಿ ನಾಲ್ಕು ಜನ ಮೆಚ್ಚುವ ಹಾಗೆ ಊದಿದರೆ ಇನ್ನು ಮುಂದೆ ತನ್ನ ಮನೆಯ, ತನ್ನ ಬೀಗರ ಮನೆಯ ಎಲ್ಲ ಶುಭಕಾರ್ಯವೂ ನಿನ್ನದೇ ಎಂದ. ಓಲಗದವನು ಕೈಮುಗಿದ. ಜೀವಮಾನವೆಲ್ಲ ಇಂಥ ಒಂದು ಮನೆಗಾಗಿ ಕಾದಿದ್ದವನು ಅವನು. ಹೊರಡುವಾಗ ವರ್ತಕ ಇನ್ನೊಂದು ಮಾತು ಸೇರಿಸಿದ. “ಆ ಮುದುಕನನ್ನು ಮಾತ್ರ ಕರೆತರಬೇಡ. ಹರಕು ಶಾಲು ಹೊದ್ದು ಕೆನ್ನೆ ಉಬ್ಬಿಸಿಕೊಂಡು ಕೂತರೆ ಮಂಟಪಕ್ಕೆ ಕಳೆ ಇರುವುದಿಲ್ಲ.”

ಓಲಗದವನು ದಾರಿಯುದ್ದಕ್ಕೂ ಯೋಚಿಸಿದ. ಒಂದೇ ಒಂದು ಸ್ವರ ಊದುವುದಕ್ಕೆ ಯಾರಾದರೇನು ಅನ್ನಿಸಿತು. ಮುದುಕನಿಗೆ, ಈ ಮದುವೆಗೆ ನೀನು ಬರುವುದು ಬೇಡ ಎಂದ. ಮುದುಕ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ. ಪಟ್ಟಣದಿಂದ ಹೆಸರುವಾಸಿಯಾದ ಒಬ್ಬ ಶ್ರುತಿಯವನು ಬಂದ. ಒಳ್ಳೆಯ ಆಳು, ಜರಿ ಪಂಚೆ, ಬೆಳ್ಳಿ ಕಟ್ಟಿಸಿದ ಕೊಳವೆ. ಮಂಟಪಕ್ಕೆ ಕಳೆ ಬಂತು.

ಮದುವೆಯ ದಿನ ಓಲಗದವನು ಊದಲು ತೊಡಗಿದ. ಒಂದು ಉಸಿರು ಮುಗಿಯುವುದರೊಳಗೆ ಏನೋ ಎಡವಟ್ಟಾಗಿದೆ ಎಂದು ಅವನಿಗೆ ತಿಳಿಯಿತು. ಪಟ್ಟಣದವನ ಶ್ರುತಿ ಒಂದಿಷ್ಟು ಮೇಲೆ ನಿಂತಿತ್ತು. ಅದು ಗಿಡ್ಡ ಓಲಗದ ಜೊತೆಗೆಂದು ಮಾಡಿದ ಕೊಳವೆ. ಇವನದು ಉದ್ದ ಓಲಗ. ಶ್ರುತಿ ಇಳಿಸಲು ಕೊಳವೆಗೆ ಮೇಣ ಮೆತ್ತಿ ನೋಡಿದರು, ಕೂಡಲಿಲ್ಲ. ಓಲಗದವನು ತನ್ನ ಸ್ವರವನ್ನೇ ಎತ್ತಿ ಶ್ರುತಿಗೆ ಸೇರಿಸಲು ಹೋದ. ಆಗ ರಾಗ ಜಾರಿತು. ರಾಗ ಹಿಡಿಯಲು ಹೋದರೆ ಶ್ರುತಿ ಕಿತ್ತುಕೊಂಡಿತು. ಕಷ್ಟಪಟ್ಟಷ್ಟೂ ಕೆಟ್ಟಿತು.

ಪಟ್ಟಣದವನು ತಪ್ಪು ಊದಲಿಲ್ಲ. ಇವನೂ ತಪ್ಪು ಊದಲಿಲ್ಲ. ಆದರೆ ಬಂದ ನೆಂಟರಲ್ಲಿ ಒಬ್ಬರಾದರೂ ಶ್ರುತಿ ಸರಿಯಿಲ್ಲ ಎನ್ನಲಿಲ್ಲ. ಎಲ್ಲರೂ ಓಲಗದವನನ್ನೇ ನೋಡಿದರು. ಇವನಿಗೆ ಊದಲು ಬರುವುದಿಲ್ಲವೇ ಎಂದು ಪಿಸುಗುಟ್ಟಿದರು. ವರ್ತಕನಿಗೆ ತಲೆ ಎತ್ತಲಾಗಲಿಲ್ಲ. ಡೋಲಿನವರನ್ನು ಕರೆದು, ಓಲಗ ಕೇಳಿಸದ ಹಾಗೆ ಬಾರಿಸಿ ಎಂದ. ತಾಳಿ ಕಟ್ಟುವ ಗಳಿಗೆಗೆ ಗಟ್ಟಿಮೇಳ ಬಾರಿಸುವುದು ವಾಡಿಕೆ. ಆ ಮದುವೆಯಲ್ಲಿ ಬೆಳಗಿನಿಂದ ಊಟದವರೆಗೂ ಗಟ್ಟಿಮೇಳವೇ.

ತಿಪ್ಪೇಶನಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಏಳನೇ ತರಗತಿಯ ಮಕ್ಕಳ ನಗು ಅವನ ಕಿವಿಯಲ್ಲಿ ಇನ್ನೂ ಇತ್ತು. ಅವನು ತಲೆ ತಗ್ಗಿಸಿ ಶೇಂಗಾ ಸುಲಿದ. ಮೇಷ್ಟ್ರು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಓಲಗದವನು ಮದುವೆಮನೆಯಿಂದ ಊಟ ಮಾಡದೆ ಎದ್ದ. ನೆಟ್ಟಗೆ ಮುದುಕನ ಮನೆಗೆ ಹೋದ. ಮುದುಕ ಬಟ್ಟೆಯಲ್ಲಿ ಕೊಳವೆ ಒರೆಸುತ್ತಿದ್ದ.

“ಪಟ್ಟಣದವನ ಶ್ರುತಿಯಲ್ಲಿ ಇಲ್ಲದ್ದು ನಿನ್ನದರಲ್ಲಿ ಏನಿದೆ? ಅದನ್ನು ನನಗೆ ಹೇಳಿಕೊಡು” ಎಂದ ಓಲಗದವನು.

“ನನಗೇನು ಗೊತ್ತಪ್ಪ. ನೀನು ಊದುತ್ತಿದ್ದೆ, ನಾನು ಪಕ್ಕದಲ್ಲಿ ಕೂತಿದ್ದೆ. ಕೇಳುತ್ತ ಕೇಳುತ್ತ ಸೇರಿಕೊಂಡಿತು” ಎಂದ ಮುದುಕ.

ಕೊಳವೆಯನ್ನು ತುಟಿಗಿಟ್ಟು ಊದಿದ. ಓಲಗದವನು ಅಂದು ತನ್ನ ಓಲಗವನ್ನು ಚೀಲದಿಂದ ತೆಗೆಯಲಿಲ್ಲ. ಮುದುಕನ ಪಕ್ಕದಲ್ಲಿ ಕೂತು ಬರೀ ಕೇಳಿದ. ಇಷ್ಟು ವರ್ಷ ತನ್ನ ಒಂದೊಂದು ಸ್ವರವೂ ಯಾವುದನ್ನು ನೆಚ್ಚಿಕೊಂಡು ನಿಂತಿತ್ತು ಎಂದು ಅವನಿಗೆ ಆಗ ಗೊತ್ತಾಯಿತು. ಬಹಳ ನಾಚಿಕೆಯಾಯಿತು. ವರ್ತಕನ ಮನೆ ಕೈಬಿಟ್ಟು ಹೋಗಿತ್ತು, ಅದು ಮತ್ತೆ ಸಿಗಲಿಲ್ಲ. ಆದರೆ ಮಾರನೆಯ ದಿನ ಇನ್ನೊಂದು ಊರಿನ ಮದುವೆಗೆ ಹೋಗುವಾಗ ಅವನು ಮೊದಲು ಮುದುಕನ ಮನೆಯ ಬಾಗಿಲು ತಟ್ಟಿದ.

ಮೇಷ್ಟ್ರು ಮೊರದ ಸಿಪ್ಪೆಯನ್ನು ಕೇರಿ ಅಂಗಳಕ್ಕೆ ಹಾಕಿದರು. ಕತೆ ಮುಗಿದಿತ್ತು. ತಿಪ್ಪೇಶ ತಾನು ಸುಲಿದ ಕಾಳನ್ನು ಮೊರಕ್ಕೆ ಹಾಕಿದ.

“ಹಾಗಾದ್ರೆ ಪಟ್ಟಣದವನ ಶ್ರುತಿ ತಪ್ಪಾ ಸಾರ್?”

“ತಪ್ಪು ಯಾಕಾಗುತ್ತೆ? ಅವನ ಗಿಡ್ಡ ಓಲಗದ ಪಕ್ಕ ಅದೇ ಸರಿ. ನಿನ್ನ ‘ಆನ್’ ಏನು ಪಾಪ ಮಾಡಿದೆ? ಎಫೆಕ್ಟ್ ಪಕ್ಕದಲ್ಲಿ ಕೂರಿಸು, ಜಮ್ಮಂತ ಕೂರುತ್ತೆ. ಇಂಟ್ರೆಸ್ಟ್ ಬಂದದ್ದು ‘ಇನ್’ ಜೊತೆ, ರೆಸ್ಪೆಕ್ಟ್ ಬಂದದ್ದು ‘ಫಾರ್’ ಜೊತೆ. ನೀನು ಡಿಕ್ಷನರಿಯಿಂದ ಓಲಗದವರನ್ನೆಲ್ಲ ಎಬ್ಬಿಸಿಕೊಂಡು ಬಂದೆ, ಶ್ರುತಿಯವರನ್ನ ಅಲ್ಲೇ ಬಿಟ್ಟು ಬಂದೆ. ಅವರಿಬ್ಬರೂ ಜೊತೆಗೆ ಕೂತಿರೋದು ಓದೋ ಪುಸ್ತಕದಲ್ಲಿ. ಕೊನೇ ಸಲ ಒಂದು ಇಂಗ್ಲಿಷ್ ಕತೆ ಪುಸ್ತಕ ಪೂರ್ತಿ ಓದಿದ್ದು ಯಾವಾಗ?”

ತಿಪ್ಪೇಶ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಪದ ಕಲಿಯುವ ಗಡಿಬಿಡಿಯಲ್ಲಿ ಓದುವುದು ಯಾವಾಗಲೋ ನಿಂತುಹೋಗಿತ್ತು. ಆದರೂ ಅವನ ಮನಸ್ಸು ಸೋಮವಾರವನ್ನು ಬಿಡಲಿಲ್ಲ. ಸೋಮವಾರ ಮತ್ತೆ ಅದೇ ಬೋರ್ಡಿನ ಮುಂದೆ, ಅದೇ ಮಕ್ಕಳ ಎದುರಿಗೆ ನಿಲ್ಲಬೇಕು.

“ರೂಲ್ ಇಲ್ಲ ಅಂದ್ರೆ ನಾನು ಸೋಮವಾರ ಕ್ಲಾಸಿಗೆ ಹೋಗಿ ಏನು ಮಾಡ್ಲಿ ಸಾರ್?”

ಮೇಷ್ಟ್ರು ಸುಲಿದ ಕಾಳನ್ನೆಲ್ಲ ಒಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ಅವನ ಕೈಗೆ ಕೊಟ್ಟರು. ಆಮೇಲೆ ಅವನ ಮುಖ ನೋಡಿ ಹೇಳಿದರು:

“ಕಾರಣ ಗೊತ್ತಿಲ್ಲ ಅಂತ ಒಬ್ಬಳನ್ನ ಕೂರಿಸಿದೆಯಲ್ಲ, ಹೋಗಿ ಅವಳ ಪಕ್ಕದಲ್ಲಿ ಕೂತು ಓದು.”