ಯುಕುಲೇಲೆಯ ನಾಲ್ಕು ಸ್ವರ

ಸಂಗೀತ ಮೇಷ್ಟರೊಬ್ಬರ ಮನೆಯಲ್ಲಿ ವೀಣೆ, ತಂಬೂರಿ, ಹೊಸದಾಗಿ ಬಂದ ಯುಕುಲೇಲೆ ಮೂರೂ ಒಂದೇ ಚಾಪೆಯ ಮೇಲೆ ಇದ್ದವಂತೆ. ಯುಕುಲೇಲೆ ಅಂದರೆ ಕೂಸಿನಷ್ಟು ಗಿಟಾರು, ಇರುವುದೇ ನಾಲ್ಕು ತಂತಿ. ವೀಣೆ ನುಡಿಸಿದ ಅಪರೂಪದ ರಾಗವೊಂದನ್ನು ಅದು ಕೇಳಿಸಿಕೊಂಡು, ಅದರಲ್ಲಿ ಒಂದು ಬಿಟ್ಟು ಒಂದರಂತೆ ನಾಲ್ಕು ಸ್ವರ ಆರಿಸಿ, ಜಾಝ್‌ನವರ ಹಾಗೆ ನಾಲ್ಕನ್ನೂ ಒಟ್ಟಿಗೆ ಮೀಟಿತು.

ವೀಣೆಗೆ ಮೈಯೆಲ್ಲ ಉರಿದುಹೋಯಿತು. “ಏ ಗಿಡ್ಡ! ಸ್ವರಗಳು ಒಂದರ ಹಿಂದೊಂದು ಮರ್ಯಾದೆಯಿಂದ ಬರಬೇಕು. ಸಂತೆಗೆ ನುಗ್ಗಿದ ಹಾಗೆ ನುಗ್ಗಿಸುತ್ತೀಯಾ? ತಂಬೂರತ್ತೆ, ಇವನನ್ನು ಅಟ್ಟಕ್ಕೆ ಹಾಕಿಸಿ!” ಎಂದು ಕೂಗಿ, ಆ ಭರದಲ್ಲಿ ತನ್ನ ಪಕ್ಕದ ಮೂರು ತಂತಿಗಳನ್ನು ಜಣ್ ಎಂದು ಒಟ್ಟಿಗೇ ಮೀಟಿತು.

“ಈಗ ನೀವು ಮಾಡಿದ್ದೇನು, ವೀಣಮ್ಮನವರೇ?” ಎಂದಿತು ಯುಕುಲೇಲೆ.

“ಅದು ತಾಳದ ತಂತಿ ಕಣೋ. ಹಿರಿಯರ ಕಾಲದಿಂದ ಬಂದದ್ದು.”

“ನೀವು ಮೂರು ಕೂಡಿಸಿದರೆ ಹಿರಿಯರ ಪದ್ಧತಿ, ನಾನು ನಾಲ್ಕು ಕೂಡಿಸಿದರೆ ಸಂತೆಯೇ? ನಿಮ್ಮ ರಾಗದಲ್ಲಿಲ್ಲದ ಒಂದೇ ಒಂದು ಸ್ವರ ತಂದಿದ್ದರೆ ತೋರಿಸಿ, ನಾನೇ ಅಟ್ಟ ಹತ್ತುತ್ತೇನೆ!”

ವೀಣೆ ಹುಡುಕಿತು, ಒಂದೂ ಸಿಗಲಿಲ್ಲ. “ಆದರೂ ನನ್ನ ಕಿವಿಗೆ ಒಗ್ಗದು” ಎಂದು ಗೊಣಗಿತು.

ತಂಬೂರಿಗೆ ರೇಗಿತು. “ದಿನವಿಡೀ ನಾಲ್ಕು ತಂತಿಯ ನಾದ ಬೆರೆಸುವವಳು ನಾನು ಕಣಮ್ಮ. ಇವನನ್ನು ಕಳಿಸುವುದಾದರೆ ನನ್ನನ್ನೂ ಅಟ್ಟಕ್ಕೆ ಕಳಿಸು. ಆಮೇಲೆ ಶ್ರುತಿಯಿಲ್ಲದೆ ಒಬ್ಬಳೇ ನುಡಿಸಿಕೋ.”

“ಅಟ್ಟದ ಮಾತು ಬಿಡಿ, ಅತ್ತೆ” ಎಂದಿತು ವೀಣೆ. ಯುಕುಲೇಲೆಯ ಸಿಟ್ಟು ಮಾತ್ರ ಇಳಿದಿರಲಿಲ್ಲ. ಆ ನಾಲ್ಕೂ ಸ್ವರಗಳನ್ನು ಮೊದಲಿಗಿಂತ ಜೋರಾಗಿ ಮೀಟಿತು.