ಪರದೆಯ ಹಿಂದಿನ ಕೆಮ್ಮು

ಹೊರದೇಶದಲ್ಲೊಂದು ಪಾಪ್ ಹಾಡಿನ ಸ್ಪರ್ಧೆ. ನಮ್ಮ ದೇಶದಿಂದ ಒಬ್ಬರು ಹೋಗಬೇಕು. ಆಯ್ಕೆಯ ದಿನ, ಮುಖ ನೋಡಿ ಅಂಕ ಕೊಡಬಾರದೆಂದು ಗಾಯಕರನ್ನೆಲ್ಲ ಪರದೆಯ ಹಿಂದೆ ನಿಲ್ಲಿಸಿದ್ದರು.

ತೀರ್ಪುಗಾರರ ಅಧ್ಯಕ್ಷ ರುದ್ರಮುನಿಯವರು ಪರದೆ ಎಳೆಯುವ ಜವಾನನನ್ನು ಪಕ್ಕಕ್ಕೆ ಕರೆದರು.

"ನೋಡಯ್ಯ, ನನ್ನ ಮಗಳೂ ಹಾಡ್ತಾಳೆ. ಅವಳ ಸರದಿ ಬಂದಾಗ ಒಮ್ಮೆ ಕೆಮ್ಮು. ತಪ್ಪಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಸ್ವಾಮಿ" ಅಂದ ಜವಾನ. ಬೆಳಗಿನ ತಾಲೀಮಿನಲ್ಲಿ ಎಲ್ಲರ ದನಿಯೂ ಅವನ ಕಿವಿಗೆ ಬಿದ್ದಿತ್ತು.

ಒಬ್ಬೊಬ್ಬರಾಗಿ ಹಾಡಿದರು. ಮಗಳ ಹಾಡನ್ನು ಅಧ್ಯಕ್ಷರು ಮನೆಯಲ್ಲಿ ಒಂದು ದಿನವೂ ಕೂತು ಕೇಳಿದವರಲ್ಲ. ಅವರು ಕೆಮ್ಮಿಗಷ್ಟೇ ಕಾದರು. ಕೊನೆಗೊಂದು ದನಿ ಎದ್ದಿತು. ಸಭೆ ಉಸಿರು ಬಿಗಿಹಿಡಿಯಿತು. ಜವಾನ ಕೆಮ್ಮಿದ.

ಅಧ್ಯಕ್ಷರು ಎದ್ದು ನಿಂತರು. "ಇಂಥ ಕಂಠ ಈ ದೇಶದಲ್ಲಿ ಇನ್ನೊಂದಿಲ್ಲ. ಇವಳೇ ಹೋಗಬೇಕು!" ಉಳಿದ ತೀರ್ಪುಗಾರರೂ ಒಪ್ಪಿದರು.

ಪರದೆ ಸರಿಯಿತು. ಮೈಕಿನ ಮುಂದೆ ಕೊಪ್ಪಳದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹುಲಿಗೆಮ್ಮ ನಿಂತಿದ್ದಳು. ಆಗಲೇ ಹಾಡಿ ಮುಗಿಸಿದ್ದ ಅಧ್ಯಕ್ಷರ ಮಗಳು ಮೂಲೆಯಲ್ಲಿ ನೀರು ಕುಡಿಯುತ್ತಿದ್ದಳು.

ಅಧ್ಯಕ್ಷರು ಜವಾನನ ಹತ್ತಿರ ಬಂದು ಹಲ್ಲು ಕಡಿದರು. "ಅವಳಿಗೆ ಯಾಕೋ ಕೆಮ್ಮಿದೆ?"

ಜವಾನ ಎಲ್ಲರಿಗೂ ಕೇಳುವಂತೆ ಕೈಮುಗಿದು ಹೇಳಿದ. "ಒಳಗೆ ಕತ್ತಲು ಸ್ವಾಮಿ, ಮುಖ ಕಾಣಲಿಲ್ಲ. ಇಷ್ಟು ಚೆನ್ನಾಗಿ ಹಾಡುವವರು ತಮ್ಮ ಮಗಳೇ ಇರಬೇಕು ಅಂದುಕೊಂಡೆ."

ಈ ಸಲ ಕೆಮ್ಮು ಬಂದದ್ದು ಅಧ್ಯಕ್ಷರಿಗೆ.