ಹಿಮದಂಚಿನ ನಲವತ್ತು ಗಿಡಗಳು

"ಗುರುಗಳೇ, ಕೈತುಂಬ ಕೊಟ್ಟರೂ ಒಬ್ಬ ಮನುಷ್ಯ ಸೊರಗುತ್ತಲೇ ಹೋದರೆ, ಕೊಟ್ಟವನು ಇನ್ನೇನು ಮಾಡಬೇಕು?"

ಕೇಳಿದವನು ಗುರುಪಾದ, ಊರಿನಲ್ಲಿ ಸಂಸಾರ ಹೂಡಿಕೊಂಡಿದ್ದ ಶಿಷ್ಯ. ಅವನ ಬಾಲ್ಯದ ಗೆಳೆಯನೊಬ್ಬ ನೇಕಾರ. ಹಿಂದಿನ ವರ್ಷ ಆ ನೇಕಾರನ ಮನೆ, ಮಗ್ಗ ಎರಡೂ ಬೆಂಕಿಗೆ ಆಹುತಿಯಾಗಿದ್ದವು. ಗುರುಪಾದ ಅವನನ್ನು ಕರೆತಂದು ತನ್ನ ಮನೆಯಲ್ಲೇ ಇರಿಸಿಕೊಂಡಿದ್ದ.

"ಗಾಳಿ ಬೆಳಕಿರುವ ಕೋಣೆ ಕೊಟ್ಟಿದ್ದೇನೆ. ಮನೆಯಲ್ಲಿ ಮೊದಲು ಬಡಿಸುವುದು ಅವನ ಎಲೆಗೆ. ಒಂದು ಕಡ್ಡಿ ಎತ್ತಿಡಲೂ ಬಿಡುವುದಿಲ್ಲ. ಆದರೂ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಾನೆ," ಎಂದ.

ಗುರುಗಳು ಕತೆ ಹೇಳಿದರು.

ಹಿಮದ ಬೆಟ್ಟಗಳ ತಪ್ಪಲಿನಲ್ಲಿ ಒಂದು ರಾಜ್ಯವಿತ್ತು. ಅಲ್ಲಿಯ ದೊರೆ ಉದಾರಿ. ಒಮ್ಮೆ ವೈಶಾಖ ಮಾಸ ಕಳೆಯುತ್ತಿದ್ದಾಗ ಅವನು ಬೆಟ್ಟ ದಾಟಿ ನೆರೆರಾಜ್ಯಕ್ಕೆ ಹೊರಟ. ಕೆಳಗೆ ಬಿಸಿಲಿದ್ದರೂ ಬೆಟ್ಟದ ನೆತ್ತಿಯ ಮೇಲೆ ಹಿಮಗಾಳಿ ಎದ್ದಿತು. ಪರಿವಾರ ಚದುರಿಹೋಯಿತು. ದೊರೆ ದಾರಿ ತಪ್ಪಿ, ಕೈಕಾಲು ಮರಗಟ್ಟಿ, ಒಂದು ಬಂಡೆಯ ಬದಿಗೆ ಬಿದ್ದ.

ಕುರಿ ಕಾಯುವ ಮುದುಕಿಯೊಬ್ಬಳು ಅವನನ್ನು ಕಂಡಳು. ತನ್ನ ಕಲ್ಲುಗುಡಿಸಲಿಗೆ ಎಳೆದೊಯ್ದು ಕುರಿಗಳ ನಡುವೆ ಮಲಗಿಸಿದಳು. ಮೂರು ದಿನ ಜವೆಗೋಧಿಯ ಗಂಜಿ ಕುಡಿಸಿದಳು. ಅವನು ಯಾರೆಂದು ವಿಚಾರಿಸಲಿಲ್ಲ. ನಾಲ್ಕನೆಯ ದಿನ ಬಿಸಿಲು ಬಂತು. ದೊರೆ ಹೊರಗೆ ಬಂದು ನೋಡಿದ. ಹಿಮ ಕರಗಿದ ಕಡೆಯಲ್ಲೆಲ್ಲ ಕಲ್ಲಿನ ಸಂದುಗಳಲ್ಲಿ ಹೂ ಬಿಟ್ಟಿತ್ತು. ಗಿಡಗಳು ಗೇಣುದ್ದವೂ ಇರಲಿಲ್ಲ. ನೀಲಿ, ಬಿಳಿ, ಗುಲಾಬಿ ಹೂಗಳು ಎಲೆ ಕಾಣದಂತೆ ಒತ್ತಿಕೊಂಡಿದ್ದವು. ಸತ್ತು ಬದುಕಿದವನ ಕಣ್ಣಿಗೆ ಅದಕ್ಕಿಂತ ಚೆಲುವಾದದ್ದು ಯಾವುದೂ ಕಾಣಲಿಲ್ಲ.

ಪರಿವಾರದವರು ಹುಡುಕಿಕೊಂಡು ಬಂದರು. ದೊರೆ ನಲವತ್ತು ಗಿಡಗಳನ್ನು ಬೇರುಸಹಿತ ಅಗೆಸಿ ಬುಟ್ಟಿಗಳಲ್ಲಿ ಇರಿಸಿದ. ಮುದುಕಿಗೆ ಪಲ್ಲಕ್ಕಿ ತರಿಸಿದ.

"ನನ್ನ ಪ್ರಾಣ ಉಳಿಸಿದ ತಾಯಿ ನೀನು. ಇನ್ನು ಮೇಲೆ ನಿನಗೆ ಈ ಚಳಿ ಬೇಡ, ಈ ಗಂಜಿ ಬೇಡ. ಬಾ," ಎಂದ.

ದೊರೆ ಬಾ ಎಂದರೆ ಬರುವುದು ಬಿಟ್ಟು ಬೇರೆ ಏನಿದೆ? ಅವಳು ಕುರಿಗಳನ್ನು ತಂಗಿಯ ಮಗನಿಗೆ ಒಪ್ಪಿಸಿ ಪಲ್ಲಕ್ಕಿ ಹತ್ತಿದಳು.

ಅರಮನೆಯಲ್ಲಿ ಮುದುಕಿಗೆ ಮಾಳಿಗೆಯ ಕೋಣೆ ಸಿಕ್ಕಿತು. ಹತ್ತಿಯ ಹಾಸಿಗೆ, ಇಬ್ಬರು ದಾಸಿಯರು, ಮೂರು ಹೊತ್ತು ತುಪ್ಪದ ಊಟ. ದೊರೆ ದಿನವೂ ಬಂದು ಕಾಲು ಮುಟ್ಟಿ ನಮಸ್ಕರಿಸುತ್ತಿದ್ದ.

ಗಿಡಗಳನ್ನು ಅರಮನೆಯ ತೋಟಗಾರನ ಕೈಗೆ ಕೊಟ್ಟರು. ಅವನ ಮನೆತನದವರು ಏಳು ತಲೆಮಾರಿನಿಂದ ಆ ತೋಟ ನೋಡಿಕೊಂಡವರು. ಸೇಬು, ದಾಳಿಂಬೆ, ಗುಲಾಬಿ ಅವನ ಮಾತು ಕೇಳುತ್ತವೆ ಎಂದು ಜನ ಹೇಳುತ್ತಿದ್ದರು. ತನ್ನ ಕೈಗುಣದ ಮೇಲೆ ಅವನಿಗೂ ಅಷ್ಟೇ ನಂಬಿಕೆ. ಅವನು ಕರಿಮಣ್ಣಿನ ಮಡಿ ಹದ ಮಾಡಿದ. ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿದ. ಬೆಳಿಗ್ಗೆ ಸಂಜೆ ಬಾವಿಯ ನೀರು ಹೊಯ್ದ. ಗಿಡಗಳು ಒಂದೇ ತಿಂಗಳಲ್ಲಿ ದಪ್ಪ ಎಲೆ ಬಿಟ್ಟು ಉಬ್ಬಿದವು. ತೋಟಗಾರ ಹಿಗ್ಗಿದ. ಮಳೆ ಹಿಡಿಯಿತು. ಬುಡ ಕೊಳೆಯಿತು. ಇಪ್ಪತ್ತಾರು ಗಿಡಗಳು ಸತ್ತವು. ಉಳಿದವು ಮುಂದಿನ ವಸಂತದಲ್ಲಿ ಒಂದು ಮೊಗ್ಗನ್ನೂ ಕೊಡಲಿಲ್ಲ.

ತೋಟಗಾರ ಇನ್ನಷ್ಟು ಗೊಬ್ಬರ ಹಾಕಿದ. ಬಿಸಿಲು ತಾಗದಂತೆ ಚಪ್ಪರ ಕಟ್ಟಿದ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಉಳಿದದ್ದು ಐದೇ ಗಿಡ.

ದೊರೆ ಬಂದು ನೋಡಿ, "ಬರುವ ವಸಂತಕ್ಕೆ ಹೂ ಕಾಣದಿದ್ದರೆ ತೋಟ ಬೇರೆಯವರ ಕೈಗೆ ಹೋಗುತ್ತದೆ," ಎಂದು ಹೇಳಿ ಹೋದ.

ಆ ಹೊತ್ತಿಗೆ ಮುದುಕಿಯ ಮೈಯಲ್ಲೂ ಎಲುಬು ಕಾಣುತ್ತಿತ್ತು. ಮೂವರು ವೈದ್ಯರು ನಾಡಿ ನೋಡಿ ಮೂರು ಲೇಹ್ಯ ಕೊಟ್ಟಿದ್ದರು. ಅವಳು ಎಲ್ಲವನ್ನೂ ನೆಕ್ಕುತ್ತಿದ್ದಳು. ಯಾರಿಗೂ ಎದುರಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ದಾಸಿಯ ಹೆಗಲು ಹಿಡಿದು ತೋಟಕ್ಕೆ ಇಳಿದು ಬಂದಳು. ಐದು ಗಿಡಗಳ ಮುಂದೆ ಕುಕ್ಕರಿಸಿ, ಒಂದರ ಬುಡದ ಮಣ್ಣನ್ನು ಬೆರಳಿನಿಂದ ಕೆರೆದು ಆಚೆ ಎಸೆಯತೊಡಗಿದಳು. ತೋಟಗಾರ ಓಡಿ ಬಂದ.

"ಏನು ಮಾಡುತ್ತಿದ್ದೀರಿ ಅಜ್ಜಿ? ಎರಡು ವರ್ಷದಿಂದ ಮಕ್ಕಳಂತೆ ಸಾಕುತ್ತಿದ್ದೇನೆ!"

"ಹೊಟ್ಟೆ ತುಂಬಿಸಿ ತುಂಬಿಸಿ ಕೊಲ್ಲುತ್ತಿದ್ದೀಯಪ್ಪ," ಎಂದಳು ಮುದುಕಿ.

ತೋಟಗಾರನ ಮುಖ ಕೆಂಪಾಯಿತು. ಏಳು ತಲೆಮಾರಿನ ಹೆಸರು ಅವನ ನಾಲಗೆಯ ತುದಿಗೆ ಬಂದಿತ್ತು. ಉಳಿದ ಐದು ಗಿಡಗಳನ್ನು ಒಮ್ಮೆ ನೋಡಿದ. ಬಂದ ಮಾತನ್ನು ನುಂಗಿಕೊಂಡು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ.

"ಹಾಗಾದರೆ ಇವಕ್ಕೆ ಏನು ಬೇಕು ಅಜ್ಜಿ?" ಎಂದು ಕೇಳಿದ.

ಅವಳು ಹೇಳಿದಳು. ಕಲ್ಲು ಬೇಕು. ಕಲ್ಲಿನ ಸಂದಿನಲ್ಲಿ ಹಿಡಿ ಮಣ್ಣು ಸಾಕು, ಬುಡದ ಸುತ್ತ ಜಲ್ಲಿ ಇರಲಿ, ಬಿದ್ದ ನೀರು ನಿಲ್ಲದೆ ಹರಿದುಹೋಗಲಿ. ಬೇರು ತನ್ನ ನೀರನ್ನು ತಾನೇ ಹುಡುಕಿಕೊಂಡು ಮೊಳದಾಳ ಇಳಿಯುತ್ತದೆ. ಗೊಬ್ಬರ ಬೇಡ. ಚಪ್ಪರ ಬೇಡ. ಚಳಿಗಾಲದಲ್ಲಿ ಹತ್ತಿರವೂ ಹೋಗಬೇಡ, ಹಿಮ ಬಿದ್ದರೆ ಬೀಳಲಿ, ಅದೇ ಅದರ ಕಂಬಳಿ.

ತೋಟಗಾರ ತೋಟದ ಬಡಗಣ ಮೂಲೆಯಲ್ಲಿ ಒಡೆದ ಕಲ್ಲುಗಳನ್ನು ಒಟ್ಟಿಸಿ ಇಳಿಜಾರು ಮಾಡಿದ. ಐದು ಗಿಡಗಳನ್ನು ಅಲ್ಲಿಗೆ ಸಾಗಿಸಿದ. ನೋಡಿದವರು ನಕ್ಕರು. ಚಳಿ ಬಂತು, ಹಿಮ ಬಿತ್ತು. ಎಷ್ಟೋ ಸಲ ಅವನ ಕೈ ನೀರಿನ ಕೊಡದ ಕಡೆಗೆ ಹೋಗಿ ಹಿಂದೆ ಬಂತು. ಏನೂ ಮಾಡದೆ ಇರುವುದು ಇಷ್ಟು ದೊಡ್ಡ ದುಡಿಮೆ ಎಂದು ಅವನಿಗೆ ಆ ವರ್ಷ ತಿಳಿಯಿತು.

ವೈಶಾಖದ ಕೊನೆಯಲ್ಲಿ ಐದೂ ಗಿಡಗಳು ಹೂ ಬಿಟ್ಟವು. ಕಲ್ಲಿನ ಮೇಲೆ ಬಣ್ಣ ಚೆಲ್ಲಿದಂತೆ ಇತ್ತು.

ದೊರೆ ಮುದುಕಿಯ ಕೈ ಹಿಡಿದು ತಾನೇ ಕರೆದುಕೊಂಡು ಬಂದ. ಹೂ ನೋಡಿ ಬಹಳ ಹೊತ್ತು ನಿಂತ. ಆಮೇಲೆ ತೋಟಗಾರನನ್ನು ಕೇಳಿದ, "ಎರಡು ವರ್ಷ ಆಗದ್ದು ಈಗ ಹೇಗೆ ಆಯಿತು?"

"ನನ್ನದೇನಿಲ್ಲ ಪ್ರಭು. ಏನು ಬೇಕೆಂದು ಅಜ್ಜಿಯನ್ನು ಕೇಳಿದೆ, ಅಷ್ಟೇ," ಎಂದ ತೋಟಗಾರ.

ದೊರೆ ತಾನು ಹಿಡಿದಿದ್ದ ಕೈಯನ್ನು ನೋಡಿದ. ಅದರಲ್ಲಿ ಮಾಂಸವೇ ಇರಲಿಲ್ಲ. ಎರಡು ವರ್ಷ ದಿನವೂ ಅವಳ ಕಾಲು ಮುಟ್ಟಿದವನು ಅವಳ ಕೈ ನೋಡಿದ್ದು ಅಂದೇ.

"ತಾಯಿ, ನಿನಗೆ ಏನು ಬೇಕು?" ಎಂದ.

"ಕುರಿಗಳು ಮೇಲಿನ ಹುಲ್ಲಿಗೆ ಹೊರಡುವ ಕಾಲ ಇದು. ನನ್ನನ್ನು ಕಳಿಸಿಕೊಡು ಮಗನೇ."

ದೊರೆ ಕೇಳಿದ, "ಎರಡು ವರ್ಷ ಯಾಕೆ ಹೇಳಲಿಲ್ಲ? ನಾನು ಅಷ್ಟು ಕೆಟ್ಟವನೇ?"

"ಕೆಟ್ಟವನಾಗಿದ್ದರೆ ಮೊದಲ ದಿನವೇ ಎದ್ದು ಹೋಗುತ್ತಿದ್ದೆ. ಇಷ್ಟು ಒಳ್ಳೆಯವನಿಗೆ ಬೇಡ ಎಂದು ಹೇಗೆ ಹೇಳಲಿ?" ಎಂದಳು ಮುದುಕಿ.

ಮರುದಿನವೇ ಅವಳು ಹೊರಟಳು. ಪಲ್ಲಕ್ಕಿ ಅರ್ಧ ದಾರಿಯವರೆಗೆ ಹೋಯಿತು. ಅಲ್ಲಿಂದ ಮುಂದೆ ಅವಳು ಇಳಿದು, ಕೋಲು ಊರಿಕೊಂಡು, ನಿಂತು ನಿಂತು ನಡೆದಳು. ಆಮೇಲೆ ಅವಳು ಒಂಬತ್ತು ವರ್ಷ ಬದುಕಿದಳು. ಪ್ರತಿ ವರ್ಷ ಹಿಮ ಕರಗುವ ಹೊತ್ತಿಗೆ ದೊರೆ ಬೆಟ್ಟ ಹತ್ತಿ ಹೋಗಿ ಅವಳ ಗುಡಿಸಲಿನಲ್ಲಿ ಒಂದು ದಿನ ಇದ್ದು, ಅವಳು ಕೊಟ್ಟದ್ದನ್ನು ಉಂಡು ಬರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದ ತಲೆ ತಗ್ಗಿಸಿ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. "ತಿಳಿಯಿತು ಗುರುಗಳೇ. ಹಾಗಾದರೆ ನನ್ನ ಗೆಳೆಯನನ್ನು ಅವನ ಊರಿಗೆ ಕಳಿಸಿಬಿಡಲೇ? ಇಲ್ಲ, ನಮ್ಮ ಮನೆಯಲ್ಲೇ ಒಂದು ಮಗ್ಗ ಹೂಡಿಸಿಕೊಡಲೇ? ಅವನಿಗೆ ಯಾವುದು ಒಳ್ಳೆಯದು?"

"ಅದನ್ನೂ ನನ್ನನ್ನೇ ಕೇಳುತ್ತಿದ್ದೀಯಲ್ಲ, ಗುರುಪಾದ!" ಎಂದರು ಗುರುಗಳು.

ಗುರುಪಾದ ಎದ್ದು, ಗೆಳೆಯನಿದ್ದ ಮನೆಯ ಕಡೆಗೆ ನಡೆದ.